ಹೆಲಿಕಾಪ್ಟರ್ ಕೇಳಬೇಡಿ, ಕೆಲಸ ಹೇಳಿ

2015ರ ಏಪ್ರಿಲ್ 25ರಂದು ನೇಪಾಳದಲ್ಲಿ 7.8 ತೀವ್ರತೆಯ ಭೂಕಂಪ ಆಯಿತು. ಒಂದು ಪರಿಹಾರ ಸಂಸ್ಥೆಯಲ್ಲಿ ಸಾಮಾನು ಸಾಗಿಸುವ ಜವಾಬ್ದಾರಿ ನನ್ನದು. ಕಾಠ್ಮಂಡುವಿಗೆ ಹೋದೆ. ಗೋರ್ಖಾ ಜಿಲ್ಲೆಯ ಮೇಲಿನ ಹಳ್ಳಿಗಳಿಗೆ ಟಾರ್ಪಾಲು ತಲುಪಿಸಬೇಕಿತ್ತು. ಗುಡ್ಡ ಕುಸಿದು ದಾರಿ ಮುಚ್ಚಿಹೋಗಿತ್ತು.

ಬೇರೆ ಬೇರೆ ದೇಶಗಳ ಸೇನೆಗಳನ್ನು ಹೊಂದಿಸಲು ನೇಪಾಳಿ ಸೇನೆ ಒಂದು ಕೇಂದ್ರ ತೆರೆದಿತ್ತು. ಅಲ್ಲಿಗೆ ಹೋಗಿ, "ಸರ್, ಒಂದು ಹೆಲಿಕಾಪ್ಟರ್ ಬೇಕು" ಅಂದೆ.

"ಸಾಮಾನು ಎಷ್ಟು ಕಿಲೋ? ಎಲ್ಲಿ ಇಳಿಸಬೇಕು? ಅಲ್ಲಿ ಇಳಿಸಿಕೊಳ್ಳೋರು ಯಾರು?"

ನನ್ನ ಹತ್ತಿರ ಕುಟುಂಬಗಳ ಲೆಕ್ಕ ಇತ್ತು, ತೂಕದ ಲೆಕ್ಕ ಇರಲಿಲ್ಲ. ಆ ದಿನದ ಹಾರಾಟ ಬೇರೆಯವರಿಗೆ ಹೋಯಿತು. ನಮ್ಮ ಹಳ್ಳಿಯವರು ಇನ್ನೊಂದು ರಾತ್ರಿ ಬಯಲಲ್ಲೇ ಮಲಗಿದರು. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಆಮೇಲೆ ಕೂತು ಕಲಿತೆ. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳುವಾಗುತ್ತದೆ, ಹೆಲಿಕಾಪ್ಟರ್ ಹೊರುವ ಭಾರ ಕಡಿಮೆಯಾಗುತ್ತದೆ. ಮಧ್ಯಾಹ್ನ ಬೆಟ್ಟಕ್ಕೆ ಮೋಡ ಕವಿದರೆ ಹಾರೋದೇ ಕಷ್ಟ. ದೊಡ್ಡದಾದರೆ ಒಳ್ಳೆಯದು ಅಂತಲೂ ಅಲ್ಲ, ಅದರ ರೆಕ್ಕೆಯ ಗಾಳಿಗೆ ಬಿರುಕು ಬಿಟ್ಟ ಮನೆಗಳು ಉಳಿಯಬೇಕಲ್ವಾ? ಬ್ರಿಟನ್ ಕಳಿಸಿದ್ದ ಮೂರು ದೊಡ್ಡ ಚಿನೂಕ್ ಹೆಲಿಕಾಪ್ಟರ್‌ಗಳು ನೇಪಾಳದಲ್ಲಿ ಕೆಲಸ ಮಾಡದೆಯೇ ವಾಪಸ್ ಹೋದವು. ಆ ಗಾಳಿಯ ಭಯವೂ ಅದಕ್ಕೆ ಒಂದು ಕಾರಣವಾಗಿತ್ತು. ಇದೆಲ್ಲ ಸೈನಿಕರಿಗೆ ಗೊತ್ತಿರುವ ವಿಷಯ. ಏನು, ಎಷ್ಟು, ಎಲ್ಲಿಗೆ, ಯಾವಾಗಿನೊಳಗೆ ಅಂತ ನಾವು ಹೇಳಿದರೆ ಸಾಕು. ಹೇಗೆ ಅನ್ನೋದನ್ನು ಅವರಿಗೇ ಬಿಡಬೇಕು.

ಮೇ 12ರಂದು ಮತ್ತೆ 7.3ರ ಕಂಪನ. ಅದೇ ದಿನ ಪರಿಹಾರಕ್ಕೆ ಹೋಗಿದ್ದ ಅಮೆರಿಕದ ಹೆಲಿಕಾಪ್ಟರ್ ಬಿದ್ದು 13 ಜನ ತೀರಿಕೊಂಡರು. ಅವರಲ್ಲಿ ಗಾಯಗೊಂಡು ಆಸ್ಪತ್ರೆಗೆ ಹೊರಟಿದ್ದ ಹಳ್ಳಿಗರೂ ಇದ್ದರು. ವಿಪತ್ತಿನಲ್ಲಿ ಸೇನೆಯನ್ನು ಬಳಸುವ ಬಗ್ಗೆ 1994ರಿಂದಲೂ ಓಸ್ಲೋ ಮಾರ್ಗಸೂಚಿ ಎಂಬ ಅಂತರರಾಷ್ಟ್ರೀಯ ಸೂಚನೆಗಳು ಇವೆ. ವಿದೇಶಿ ಸೇನೆಯ ನೆರವು ಕೊನೆಯ ದಾರಿ, ನಾಗರಿಕರ ಕೈಲಿ ಆಗದಿದ್ದಾಗ ಮಾತ್ರ ಕೇಳಿ ಎನ್ನುತ್ತದೆ ಆ ಮಾರ್ಗಸೂಚಿ. ಮೊದಲು ಅದನ್ನು ಸುಮ್ನೆ ಕಾಗದದ ಮಾತು ಅಂದುಕೊಂಡಿದ್ದೆ. ಆ ದಿನದ ನಂತರ, ಬೇರೆ ದಾರಿ ಇದೆಯಾ ಎಂದು ನೋಡದೆ ಒಂದು ಹಾರಾಟವನ್ನೂ ಕೇಳಿಲ್ಲ.

ಮುಂದಿನ ಸಲ ಹೋದಾಗ ಪ್ರತಿ ಮೂಟೆಯನ್ನೂ ತೂಗಿ, ಚೀಟಿ ಬರೆದುಕೊಂಡು ಹೋಗಿದ್ದೆ. ಅಧಿಕಾರಿ ಓದಿ, ನಕ್ಷೆಯಲ್ಲಿ ಕೆಳಗಿನ ಒಂದು ಮೈದಾನ ತೋರಿಸಿದರು. "ಅಲ್ಲಿವರೆಗೆ ನಾವು ತರ್ತೀವಿ. ಮೇಲಕ್ಕೆ ಕೂಲಿಗಳು ಸಿಗ್ತಾರಾ?"

ಸಿಕ್ಕರು. ಹೆಚ್ಚಿನವರು ಅದೇ ಹಳ್ಳಿಗಳವರು.