ಪ್ರಸ್ತಾವನೆ ಎಲ್ಲಿಂದ ಶುರು ಮಾಡಲಿ?

ಬೇರೆ ದೇಶದ ಸಂಸ್ಥೆಯೊಂದರ ಜೊತೆ ಸೇರಿ ಅಭಿವೃದ್ಧಿ ಯೋಜನೆಗೆ ಅನುದಾನ ಕೇಳಹೊರಟವರೆಲ್ಲ ಕೇಳುವ ಪ್ರಶ್ನೆ ಇದು. ಕೇಳುವ ಹೊತ್ತಿಗೆ ಅರ್ಧ ಬರೆದೂ ಇಟ್ಟಿರುತ್ತಾರೆ. ಮೊದಲ ಪುಟದ ತುಂಬ ಬಡತನದ ಅಂಕಿಅಂಶ, ಎರಡನೆಯದರಲ್ಲಿ ಧ್ಯೇಯೋದ್ದೇಶ.

ಲಾಗ್‌ಫ್ರೇಮಿನ ಕೊನೆಯ ಕಾಲಮ್ಮಿನಿಂದ ಶುರು ಮಾಡಿ ಅನ್ನುತ್ತೇನೆ ನಾನು.

ಲಾಗ್‌ಫ್ರೇಮ್ ಅಂದರೆ 1969ರಲ್ಲಿ ಅಮೆರಿಕ ಸರ್ಕಾರದ ವಿದೇಶಿ ನೆರವು ಸಂಸ್ಥೆ ಯುಎಸ್‌ಏಡ್‌ಗಾಗಿ ರೂಪಿಸಿದ, ಈಗ ಬಹುತೇಕ ದಾನಿಗಳು ಒಂದಲ್ಲ ಒಂದು ರೂಪದಲ್ಲಿ ಕೇಳುವ ಕೋಷ್ಟಕ. ಎಡಗಡೆ ಗುರಿಯಿಂದ ಚಟುವಟಿಕೆಯವರೆಗಿನ ಸಾಲುಗಳು, ನಡುವೆ ಸೂಚಕ ಮತ್ತು ಪುರಾವೆ, ಕಟ್ಟಕಡೆಗೆ ‘ಊಹೆಗಳು’. ನಮ್ಮ ಕೈಯಲ್ಲಿಲ್ಲದ, ಆದರೆ ತಪ್ಪಿದರೆ ಇಡೀ ಯೋಜನೆಯೇ ಕೈಕೊಡುವ ಸಂಗತಿಗಳು ಅಲ್ಲಿ ಬರಬೇಕು. ಜನ ಅದನ್ನು ಗಡುವಿನ ಹಿಂದಿನ ರಾತ್ರಿ ತುಂಬುತ್ತಾರೆ: ‘ರಾಜಕೀಯ ಸ್ಥಿರತೆ ಮುಂದುವರಿಯುತ್ತದೆ.’ ಯಾವ ದೇಶಕ್ಕೆ ಬೇಕಾದರೂ ಅಂಟಿಸಬಹುದಾದ ಮಾತು.

ಕೆನ್ಯಾದ ತುರ್ಕಾನಾ ಸರೋವರದ ದಡದಲ್ಲಿ ನಾರ್ವೆಯ ನೆರವಿನಿಂದ ಮೀನು ಶೈತ್ಯೀಕರಣ ಘಟಕವೊಂದು ಎದ್ದಿತು. ಮೀನು ಹೆಪ್ಪುಗಟ್ಟಿಸುವುದಕ್ಕೆ ವಿದ್ಯುತ್ತು ಬೇಕು, ಶುದ್ಧ ನೀರು ಬೇಕು. ಆ ಮರುಭೂಮಿಯಲ್ಲಿ ಅವೆರಡನ್ನೂ ಒದಗಿಸುವ ಖರ್ಚು ತಾಳದೆ ಘಟಕ ಕೆಲವೇ ದಿನ ಓಡಿ ನಿಂತಿತು. 1980ರ ದಶಕದಲ್ಲಿ ಮೀನು ಹಿಡಿಯುತ್ತಿದ್ದ ಕೊಲ್ಲಿಯೂ ಬತ್ತಿತು. ತುರ್ಕಾನಾ ಜನರೋ ಮೊದಲಿನಿಂದಲೂ ಪಶುಪಾಲಕರು, ಅವರಿಗೆ ಆಸ್ತಿಯೆಂದರೆ ಜಾನುವಾರು. ವಿದ್ಯುತ್ತು ಸಿಗುತ್ತದೆ, ನೀರು ನಿಲ್ಲುತ್ತದೆ, ಜನ ಬಲೆ ಹಿಡಿಯುತ್ತಾರೆ: ಇವು ಕೊನೆಯ ಕಾಲಮ್ಮಿನ ಮೂರು ಸಾಲು. ಅಲ್ಲಿ ಮಂದೆ ಮೇಯಿಸುವವರ ಮುಂದೆ ಓದಿದ್ದರೆ ಮೂರಕ್ಕೂ ಅವತ್ತೇ ಉತ್ತರ ಸಿಗುತ್ತಿತ್ತು.

ಅದಕ್ಕೇ ಆ ಕಾಲಮ್ಮನ್ನು ಖಾಲಿಯಾಗಿಯೇ ಪಾಲುದಾರ ಸಂಸ್ಥೆಗೆ ಕಳಿಸಿ, ಏನೇನು ಕೈಕೊಡಬಹುದು ಅಂತ ಕೇಳಿ. ಮಳೆಗಾಲದಲ್ಲಿ ರಸ್ತೆ ಮುಚ್ಚುತ್ತದೆ, ತರಬೇತಿ ಕೊಟ್ಟ ನರ್ಸುಗಳಿಗೆ ವರ್ಷದೊಳಗೆ ವರ್ಗವಾಗುತ್ತದೆ, ಇಂಥವು ಬರುತ್ತವೆ. ಪ್ರತಿಯೊಂದಕ್ಕೂ ಒಂದು ಚಟುವಟಿಕೆಯನ್ನೋ ಬಜೆಟ್ಟಿನಲ್ಲಿ ಒಂದು ಬಾಬ್ತನ್ನೋ ಸೇರಿಸಿ. ಯಾವುದರಿಂದಲೂ ಸರಿಹೋಗದ ಊಹೆ ಸಿಕ್ಕಿತೋ, ಆ ಯೋಜನೆಯನ್ನೇ ಬಿಡಿ. ಬರೆಯುವ ಶ್ರಮವಾದರೂ ಉಳಿಯಿತು.

ಬಜೆಟ್ಟಿನ ಮಾತು ಬಂತಲ್ಲ. ದಾನಿ ಕೇಳುವ ಲೆಕ್ಕಪತ್ರ ಬರೆಯುವ ಅಕೌಂಟೆಂಟಿನ ಸಂಬಳ, ಬ್ಯಾಂಕ್ ಶುಲ್ಕ, ವಿನಿಮಯ ದರ ಏರಿಳಿದಾಗಿನ ನಷ್ಟ, ಇವೆಲ್ಲ ಸಾಮಾನ್ಯವಾಗಿ ಸಣ್ಣ ಪಾಲುದಾರರ ತಲೆಯ ಮೇಲೇ ಬೀಳುತ್ತವೆ. ವಿದೇಶಿ ನೆರವು ಹೇಗಿರಬೇಕು ಅಂತ ದಾನಿ ದೇಶಗಳೂ ನೆರವು ಪಡೆಯುವ ದೇಶಗಳೂ ಒಪ್ಪಿಕೊಂಡ 2005ರ ಪ್ಯಾರಿಸ್ ಘೋಷಣೆಯ ಐದು ತತ್ವಗಳಲ್ಲಿ ಮೊದಲನೆಯದು ಒಡೆತನ, ಅಂದರೆ ಅಭಿವೃದ್ಧಿಯ ಚುಕ್ಕಾಣಿ ನೆರವು ಪಡೆಯುವ ದೇಶದ ಕೈಯಲ್ಲಿರಬೇಕು ಅಂತ. ಪ್ರಸ್ತಾವನೆಗಳಲ್ಲಿ ಈ ಪದಕ್ಕೇನೂ ಬರವಿಲ್ಲ. ನಾನು ಮಾತ್ರ ಬಜೆಟ್ ಹಾಳೆ ಯಾರ ಕಂಪ್ಯೂಟರಿನಲ್ಲಿದೆ ಅಂತ ನೋಡುತ್ತೇನೆ. ಪಾಲುದಾರರು ತಮ್ಮ ಬಾಬ್ತುಗಳನ್ನು ತಾವೇ ಬರೆದಿರದಿದ್ದರೆ, ಕೊನೆಯ ದಿನ ಅವರಿಂದ ತರಿಸಿಕೊಂಡ ಬೆಂಬಲ ಪತ್ರಕ್ಕೆ ಬೆಲೆಯಿಲ್ಲ.

ಗಡುವಿಗೆ ಎರಡೇ ವಾರ, ಪಾಲುದಾರರು ಇನ್ನೂ ಸಿಕ್ಕಿಲ್ಲ ಅನ್ನುವವರೂ ಇದ್ದಾರೆ. ಅಂಥವರು ಈ ಸಲದ ಅರ್ಜಿ ಕರೆಯನ್ನು ಬಿಟ್ಟುಬಿಡಿ. ಯೋಜನೆ ರೂಪಿಸುವ ಹಂತಕ್ಕೆಂದೇ ಸಣ್ಣ ಅನುದಾನ ಕೊಡುವ ದಾನಿಗಳೂ ಇದ್ದಾರೆ. ಅದನ್ನು ಕೇಳಿ, ಹೋಗಿ ಪಾಲುದಾರರನ್ನು ಹುಡುಕಿ, ಅವರ ಜೊತೆ ಕೂತು ಆ ಕಾಲಮ್ಮು ತುಂಬಿಸಿಕೊಂಡು ಬನ್ನಿ.