ಐದನೇ ನಂಬರಿನಲ್ಲಿ ಬಸವನಗುಡಿ

“ಅತ್ತೆ, ಭಾನುವಾರ ಬೆಳಿಗ್ಗೆ ಆರಕ್ಕೆ ನ್ಯಾಷನಲ್ ಕಾಲೇಜ್ ಹತ್ತಿರ ಬಂದುಬಿಡಿ. ಬಸವನಗುಡಿ ಟೂರ್ ಬುಕ್ ಮಾಡಿದ್ದೀನಿ. ಎಲೆಕ್ಟ್ರಿಕ್ ಬೈಕಲ್ಲಿ.”

ಅಣ್ಣನ ಮಗಳ ಈ ಫೋನಿಗೆ ನಾನು ಮೊದಲು ನಕ್ಕೆ, ಆಮೇಲೆ ಆಗಲ್ಲ ಅಂದೆ. ಎರಡಕ್ಕೂ ಕಾರಣ ಇತ್ತು. ನಾನು ಹುಟ್ಟಿ ಬೆಳೆದದ್ದು ಹನುಮಂತನಗರದಲ್ಲಿ. ಮದುವೆಯಾಗಿ ರಾಜಾಜಿನಗರಕ್ಕೆ ಹೋಗುವವರೆಗೂ ಗಾಂಧಿ ಬಜಾರು ನಮ್ಮ ಮನೆ ಅಂಗಳ ಇದ್ದ ಹಾಗೆ. ಹೂವಿಗೆ, ಸೊಪ್ಪಿಗೆ, ಸುಮ್ನೆ ಹರಟೆಗೆ, ಎಲ್ಲಕ್ಕೂ ಅಲ್ಲಿಗೇ. ಆ ಜಾಗಕ್ಕೆ ದುಡ್ಡು ಕೊಟ್ಟು ಗೈಡ್ ಇಟ್ಟುಕೊಂಡು ಹೋಗುವುದೇ? ಎರಡನೆಯದು, ಬೈಕ್ ಅಂದರೆ ನಮ್ಮ ಕಾಲದವರಿಗೆ ಡುಗುಡುಗು ಎನ್ನುವ ಬುಲೆಟ್ಟೇ ನೆನಪಾಗುವುದು. ಐವತ್ತಮೂರನೇ ವಯಸ್ಸಿನಲ್ಲಿ ಅದನ್ನು ಕಲಿಯಲೇ?

“ಸೈಕಲ್ ಅತ್ತೆ. ಬ್ಯಾಟರಿ ಇರೋ ಸೈಕಲ್. ನೀವು ತುಳಿದರೆ ಅದೂ ತುಳಿಯುತ್ತೆ.”

ಸೈಕಲ್ ಅಂದಮೇಲೆ ಮನಸ್ಸು ಕರಗಿತು. ಏಳನೇ ಕ್ಲಾಸಿನಲ್ಲಿ ಗಂಟೆ ಲೆಕ್ಕದ ಬಾಡಿಗೆ ಸೈಕಲ್ ತಂದು, ಒಳಪೆಡಲ್ ಹೊಡೆದು, ಮಂಡಿ ಕೆತ್ತಿಸಿಕೊಂಡವಳು ನಾನು. ಭಾನುವಾರ ಅಷ್ಟು ಬೇಗ ಮೆಟ್ರೋ ಇರುವುದಿಲ್ಲ. ನಮ್ಮ ಯಜಮಾನರು ಗೊಣಗುತ್ತಲೇ ಸ್ಕೂಟರಿನಲ್ಲಿ ಬಿಟ್ಟುಹೋದರು.

ಡಿಸೆಂಬರ್ ಶುರುವಾಗಿತ್ತು. ಕಡಲೆಕಾಯಿ ಪರಿಷೆ ಮುಗಿದು ಇನ್ನೂ ಒಂದು ವಾರ ಆಗಿರಲಿಲ್ಲ. ಸ್ವೆಟರ್ ಹಾಕಿದ್ದರೂ ಕಿವಿ ಕೊರೆಯುವ ಚಳಿ. ಮೆಟ್ರೋ ಕಂಬದ ಕೆಳಗೆ ಆರು ಸೈಕಲ್ ನಿಂತಿದ್ದವು. ಗೈಡ್ ಇಪ್ಪತ್ತೈದರ ಒಬ್ಬ ಹುಡುಗ. ನಮ್ಮ ಜೊತೆಗೆ ಹುಬ್ಬಳ್ಳಿಯ ಗಂಡ ಹೆಂಡತಿ, ಮಗಳ ಮನೆಗೆ ಬಂದವರು. ಇನ್ನೊಬ್ಬ ದಾವಣಗೆರೆಯ ಹುಡುಗ, ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದು ಮೂರು ತಿಂಗಳಾಗಿತ್ತಂತೆ.

ಸೈಕಲ್ ಎತ್ತಲು ಹೋದೆ. ಎದ್ದೇಳಲಿಲ್ಲ. ಮಾಮೂಲಿ ಸೈಕಲ್ಲಿಗಿಂತ ತುಂಬಾ ಭಾರ. ಬ್ಯಾಟರಿ ಚೌಕಟ್ಟಿನಲ್ಲಿ, ಮೋಟರ್ ಹಿಂದಿನ ಚಕ್ರದ ನಡುವೆ. ಮೋಟರ್ 250 ವ್ಯಾಟ್ ದಾಟದೆ, ವೇಗ ಗಂಟೆಗೆ 25 ಕಿಲೋಮೀಟರ್ ಮೀರದೆ ಇದ್ದರೆ ಇದಕ್ಕೆ ಲೈಸೆನ್ಸೂ ಬೇಡ, ನಂಬರ್ ಪ್ಲೇಟೂ ಬೇಡ. ಹ್ಯಾಂಡಲ್ ಮೇಲೆ ಅಂಗೈ ಅರ್ಧದಷ್ಟು ಪರದೆ. ಅದರಲ್ಲಿ ಸೊನ್ನೆಯಿಂದ ಐದರವರೆಗೆ ನಂಬರ್. ಸೊನ್ನೆಯಲ್ಲಿಟ್ಟರೆ ಮಾಮೂಲಿ ಸೈಕಲ್. ಒಂದಕ್ಕೆ ಹಾಕಿದರೆ ಯಾರೋ ಹಿಂದಿನಿಂದ ಮೆಲ್ಲಗೆ ತಳ್ಳಿದ ಹಾಗೆ. ಐದಕ್ಕೆ ಹಾಕಿದರೆ ನಾವು ಕಾಲು ಆಡಿಸುವುದು ನೆಪಕ್ಕೆ ಮಾತ್ರ.

ಒಂದು ವಿಷಯ ಮೊದಲೇ ಗೊತ್ತಿದ್ದರೆ ಒಳ್ಳೆಯದಿತ್ತು. ಪೆಡಲ್ ತಿರುಗುತ್ತಿದೆ ಅಂತ ಸೆನ್ಸರಿಗೆ ಗೊತ್ತಾಗಲು ಅರ್ಧ ಸುತ್ತು ಬೇಕು. ಆ ಅರ್ಧ ಸುತ್ತು ಸೈಕಲ್ ಕಲ್ಲಿನ ಹಾಗೆ ಇರುತ್ತದೆ. ಆಮೇಲೆ ಒಮ್ಮೆಲೇ ಜಗ್ಗುತ್ತದೆ. ಹುಬ್ಬಳ್ಳಿಯ ಅಕ್ಕ “ಅಯ್ಯ, ಇದು ತಾನ ಹೊಂಟೈತಲ್ರೀ!” ಎಂದು ಕೂಗಿಕೊಂಡು ಹತ್ತು ಮಾರು ಹೋಗಿಬಿಟ್ಟರು. “ಬ್ರೇಕ್ ಮುಟ್ಟಿ ಮೇಡಂ, ಮೋಟರ್ ತಾನೇ ನಿಲ್ಲುತ್ತೆ” ಎಂದು ಗೈಡ್ ಹಿಂದೆ ಓಡಿದ. ನಾನು ನಕ್ಕೆ. ಎರಡು ನಿಮಿಷಕ್ಕೆ ನನ್ನದೂ ಅದೇ ಗತಿ.

ವಾಣಿವಿಲಾಸ ರಸ್ತೆಯಲ್ಲಿ ರಾಮಕೃಷ್ಣ ಆಶ್ರಮದ ಕಡೆಗೆ ಹೊರಟೆವು. ಬಸ್ಸಿನಲ್ಲಿ, ಆಟೋದಲ್ಲಿ, ಸ್ಕೂಟರಿನಲ್ಲಿ ಸಾವಿರ ಸಲ ಓಡಾಡಿದ ರಸ್ತೆ ಇದು. ಸಪಾಟು ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೆ. ಎರಡನೇ ನಂಬರಿನಲ್ಲಿ ತುಳಿದರೆ ತೊಡೆ ಬೇರೆಯೇ ಹೇಳಿತು. ಮೂರಕ್ಕೆ ಏರಿಸಿದೆ. ಆಶ್ರಮ ದಾಟಿ ಬುಲ್ ಟೆಂಪಲ್ ರಸ್ತೆ ಹಿಡಿದ ಮೇಲೆ ನಾಲ್ಕು. ಅಲ್ಲಿಂದ ನನಗೆ ಕಟ್ಟಡಗಳಿಗಿಂತ ಆ ಪರದೆಯ ನಂಬರಿನ ಮೇಲೇ ಕಣ್ಣು ಜಾಸ್ತಿ.

ದೊಡ್ಡ ಗಣೇಶನಿಗೆ ಕೈಮುಗಿದು ಮೇಲಕ್ಕೆ ಬಂದೆವು. ಇಲ್ಲಿ ಮೊದಲು ಇದ್ದದ್ದು ಸುಂಕೇನಹಳ್ಳಿ. ಕಡಲೆಕಾಯಿ ಬೆಳೆಯುವ ಹೊಲಗಳು. ರಾತ್ರಿ ಯಾವುದೋ ಬಸವ ಬಂದು ಬೆಳೆ ಮೇಯುತ್ತಿತ್ತಂತೆ. ರೈತ ಸಿಟ್ಟಿನಿಂದ ದೊಣ್ಣೆಯಲ್ಲಿ ಬಾರಿಸಿದ. ಬಸವ ಅಲ್ಲೇ ಕುಳಿತು ಕಲ್ಲಾಯಿತು. ತಪ್ಪು ಅರಿತ ರೈತರು ಪ್ರತಿ ವರ್ಷ ಮೊದಲ ಬೆಳೆಯನ್ನು ಅವನಿಗೇ ತಂದು ಒಪ್ಪಿಸತೊಡಗಿದರು. ಕಾರ್ತಿಕದ ಕೊನೆ ಸೋಮವಾರದ ಪರಿಷೆಯ ಕಥೆ ಇದು. ಕಲ್ಲಾದ ಮೇಲೂ ಬಸವ ಬೆಳೆಯುತ್ತಲೇ ಇದ್ದನಂತೆ, ತಲೆಗೆ ತ್ರಿಶೂಲ ನೆಟ್ಟ ಮೇಲೆ ನಿಂತ. ಈಗ ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ. ಒಂದೇ ಬಂಡೆ. ಕಲ್ಲಿನ ಬಣ್ಣ ಬೂದು, ಎಣ್ಣೆ ಕುಡಿದು ಕುಡಿದು ಕಪ್ಪಾಗಿದೆ.

ಕಥೆ ನನಗೆ ಬಾಯಿಪಾಠ. ನಾನು ಹೊರಗೆ ಮೋರಿ ಪಕ್ಕ ಇನ್ನೂ ಬಿದ್ದಿದ್ದ ಕಡಲೆಕಾಯಿ ಸಿಪ್ಪೆ ನೋಡುತ್ತಾ ನಿಂತಿದ್ದೆ. ಆಗ ಗೈಡ್ ಹೇಳಿದ: “ವೃಷಭಾವತಿ ನದಿ ಹುಟ್ಟಿದ್ದು ಈ ಬಸವನ ಪಾದದಲ್ಲಿ ಅಂತ ನಂಬಿಕೆ. ಹೆಸರೇ ಹೇಳುತ್ತಲ್ವಾ?”

ಮೈಸೂರು ರಸ್ತೆಯಲ್ಲಿ ಬಸ್ಸಿನ ಕಿಟಕಿ ಮುಚ್ಚಿಕೊಂಡು ಮೂಗು ಹಿಡಿಯುತ್ತೇವಲ್ಲ, ಆ ವೃಷಭಾವತಿ. ಹೆಸರಿನೊಳಗೆ ವೃಷಭ ಇದೆ. ಐವತ್ತು ವರ್ಷ ನನಗೆ ಹೊಳೆದೇ ಇರಲಿಲ್ಲ. ದುಡ್ಡು ಕೊಟ್ಟದ್ದಕ್ಕೆ ಮೋಸ ಇಲ್ಲ ಅಂದುಕೊಂಡೆ.

ಬ್ಯೂಗಲ್ ರಾಕ್ ಪಾರ್ಕಿನಲ್ಲಿ ಡಿವಿಜಿ ಪ್ರತಿಮೆ ಹತ್ತಿರ ಐದು ನಿಮಿಷ ನಿಂತೆವು. ವಾಕಿಂಗಿನವರು, ಅವರ ನಾಯಿಗಳು, ಬಂಡೆ ಮೇಲೆ ಪ್ರಾಣಾಯಾಮ. ಹಿಂದೆ ಸಂಜೆ ಕಹಳೆ ಊದುತ್ತಿದ್ದರಂತೆ, ಅದಕ್ಕೇ ಈ ಹೆಸರು. ಇಲ್ಲಿ ಗೈಡ್ ಬಡಾವಣೆಯ ಚರಿತ್ರೆ ಹೇಳಿದ. 1898ರಲ್ಲಿ ಪೇಟೆಯಲ್ಲಿ ಪ್ಲೇಗ್ ಬಂತು. ಒತ್ತೊತ್ತಾದ ಓಣಿಗಳಲ್ಲಿ ಜನ ಸತ್ತರು. ಗಾಳಿ ಬೆಳಕು ಬರುವ ಅಗಲ ರಸ್ತೆಗಳ ಹೊಸ ಬಡಾವಣೆ ಬೇಕಾಯಿತು. ಹಾಗೆ ಬೆಳೆದದ್ದು ಬಸವನಗುಡಿ, ಆ ಕಡೆ ಮಲ್ಲೇಶ್ವರ. ಎಲ್ಲ ಸರಿ. ಆದರೆ “ಎಷ್ಟು ಚೆನ್ನಾಗಿ ಪ್ಲಾನ್ ಮಾಡಿದ್ದರು” ಅಂತ ಹೊಗಳಿ ನಿಲ್ಲಿಸಿದ. ಹಳೇ ಮನೆಗಳ ಹಿಂದೆ ಸಣ್ಣ ಗಲ್ಲಿಗಳಿವೆ. ಆ ಗಲ್ಲಿಗಳಲ್ಲಿ ಬೆಳಗಿನ ಜಾವ ಮಲ ಹೊರುವವರು ಬಂದು ಹೋಗಬೇಕಿತ್ತು, ಮುಂದಿನ ರಸ್ತೆಯವರ ಕಣ್ಣಿಗೆ ಬೀಳದ ಹಾಗೆ. ಅದೂ ಆ ಪ್ಲಾನಿನಲ್ಲೇ ಇತ್ತು. ನಾನು ಹೇಳಿದೆ. ಹುಡುಗ ತಲೆ ಕೆರೆದುಕೊಂಡು “ಹೌದಾ ಆಂಟಿ, ಇದನ್ನು ಸೇರಿಸಿಕೊಳ್ಳುತ್ತೀನಿ” ಅಂದ. ಅಲ್ಲಿಂದ ನಾನು ಮೇಡಂ ಹೋಗಿ ಆಂಟಿ ಆದೆ.

ಬಸವನ ಗುಡಿಯಿಂದ ಪಶ್ಚಿಮಕ್ಕೆ ಗವಿಪುರದ ಇಳಿಜಾರು. ಅದರ ಸುಖವನ್ನು ಹೇಗೆ ಹೇಳಲಿ? ನಂಬರ್ ಸೊನ್ನೆ, ಪೆಡಲ್ ಸುಮ್ಮನೆ, ಬ್ರೇಕ್ ಮೇಲೆ ಬೆರಳು, ಮುಖಕ್ಕೆ ಚಳಿಗಾಳಿ. ಯಾರದೋ ಮನೆಯ ಒಗ್ಗರಣೆ ವಾಸನೆ, ಮುಂದಿನ ಮನೆಯ ಅಗರಬತ್ತಿ, ಆಚೆ ಮನೆಯ ಡಿಕಾಕ್ಷನ್ ಒಂದರ ಹಿಂದೆ ಒಂದು ಬಂದು ಹೋದವು. ಕಾರಿನಲ್ಲಿ ಇದು ಸಿಗುವುದಿಲ್ಲ. ನಡೆದರೆ ಇಷ್ಟು ಬೇಗ ಬದಲಾಗುವುದಿಲ್ಲ.

ಗವಿ ಗಂಗಾಧರೇಶ್ವರನ ಗುಡಿ ಮುಂದೆ ಸೈಕಲ್ ನಿಲ್ಲಿಸಿದೆವು. ಅಂಗಳದಲ್ಲಿ ಕಲ್ಲಿನ ಕಂಬಗಳ ಮೇಲೆ ಎರಡು ದೊಡ್ಡ ಕಲ್ಲಿನ ತಟ್ಟೆ, ಸೂರ್ಯಪಾನ ಮತ್ತು ಚಂದ್ರಪಾನ. ಗುಡಿ ಅಂದರೆ ಬಂಡೆ ಕೊರೆದ ಗವಿ. ಲಿಂಗಕ್ಕೆ ಸುತ್ತು ಬರಲು ಬಗ್ಗಿಯೇ ಹೋಗಬೇಕು. ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬಿನ ನಡುವೆ ಹಾದು ಲಿಂಗ ಮುಟ್ಟುವುದನ್ನು ಟಿವಿಯಲ್ಲಿ ಎಲ್ಲರೂ ನೋಡಿರುತ್ತಾರೆ.

ದಾವಣಗೆರೆಯ ಹುಡುಗ ಒಂದು ಒಳ್ಳೆ ಪ್ರಶ್ನೆ ಕೇಳಿದ: “ವರ್ಷಕ್ಕೆ ಒಂದೇ ದಿನ ಹೇಗೆ ಆಗುತ್ತೆ? ಸೂರ್ಯ ಅದೇ ದಾರೀಲಿ ಎರಡು ಸಲ ಬರಬೇಕಲ್ಲ?”

ಬರುತ್ತಾನೆ. ಡಿಸೆಂಬರ್ 21ರ ಹೊತ್ತಿಗೆ ಸೂರ್ಯ ತೀರಾ ದಕ್ಷಿಣಕ್ಕೆ ಹೋಗಿ ತಿರುಗುತ್ತಾನೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅದೇ ಜಾಗ ದಾಟಬೇಕು. ಜನವರಿ ಮಧ್ಯಕ್ಕೆ ಸರಿಯಾದ ಜೋಡಿ ನವೆಂಬರ್ ಕೊನೆ. ಬೆಂಗಳೂರಿನ ತಾರಾಲಯದವರು ಇದನ್ನು ಅಭ್ಯಾಸ ಮಾಡಿ ತೋರಿಸಿದ್ದಾರೆ. ಅಂದರೆ ನಾವು ಹೋಗುವುದಕ್ಕೆ ಕೆಲವೇ ದಿನ ಮುಂಚೆ, ಟಿವಿ ಕ್ಯಾಮೆರಾ ಇಲ್ಲದೆ, ಕ್ಯೂ ಇಲ್ಲದೆ, ಬಿಸಿಲು ಒಳಗೆ ಬಂದು ಹೋಗಿತ್ತು. ಹುಬ್ಬಳ್ಳಿಯ ಯಜಮಾನರು “ಹಂಗಾದ್ರ ಮುಂದಿನ ವರ್ಷ ನವೆಂಬರಿಗೇ ಬರೂನು” ಎಂದು ಹೆಂಡತಿಗೆ ಅಲ್ಲೇ ಹೇಳಿದರು.

ಗವಿಪುರದಿಂದ ಇನ್ನೂ ಕೆಳಗೆ ಕೆಂಪಾಂಬುಧಿ ಕೆರೆ. ಕೆಂಪೇಗೌಡರ ಕಾಲದ ಕೆರೆ. ದಡದ ಹತ್ತಿರ ಗಡಿ ಗೋಪುರವೂ ಇದೆ. ಊರಿನ ನಾಲ್ಕು ದಿಕ್ಕಿನ ನಾಲ್ಕು ಗೋಪುರಗಳಲ್ಲಿ ಇದೊಂದು. ನೀರಿನ ಮೇಲೆ ಬೆಳಗಿನ ಮಂಜು, ಒಂದೆರಡು ನೀರುಕಾಗೆ, ಜೊತೆಗೆ ಚರಂಡಿಯ ವಾಸನೆ. ಚೆನ್ನಾಗಿದೆ ಅನ್ನಬೇಕೋ ಬೇಸರ ಮಾಡಿಕೊಳ್ಳಬೇಕೋ ತಿಳಿಯಲಿಲ್ಲ. ಬಸವನ ಪಾದದಿಂದ ಇಲ್ಲಿವರೆಗೆ ನಮ್ಮ ಸೈಕಲ್ಲುಗಳು ತಾವೇ ಉರುಳಿ ಬಂದಿದ್ದವು. ಮಳೆ ನೀರೂ ಹಾಗೇ ಉರುಳಿ ಬಂದಿರಬೇಕು. ಕೆರೆ ಇಲ್ಲೇ ಯಾಕೆ ಕಟ್ಟಿದರು ಅಂತ ಯಾರೂ ವಿವರಿಸಬೇಕಾಗಲಿಲ್ಲ.

ಇಳಿದವರು ಹತ್ತಲೇಬೇಕಲ್ಲ. ವಾಪಸ್ ಏರಿನಲ್ಲಿ ನಾನು ಧೈರ್ಯವಾಗಿ ಐದಕ್ಕೆ ಹಾಕಿದೆ. ಅರ್ಧ ದಾರಿಗೆ ಪರದೆಯ ಮೇಲಿನ ಬ್ಯಾಟರಿ ಗುರುತಿನಲ್ಲಿ ಒಂದೇ ಕಡ್ಡಿ ಉಳಿದಿತ್ತು. ಅದೂ ಕಣ್ಣು ಮಿಟುಕಿಸಿ ಆರಿಹೋಯಿತು. ಮೋಟರ್ ನಿಂತಾಗ ಆ ಸೈಕಲ್ಲಿನ ನಿಜವಾದ ತೂಕ ಕಾಲಿಗೆ ಬಂತು. ಇಳಿದು ತಳ್ಳಿದೆ. ನಾಲ್ಕು ಹೆಜ್ಜೆಗೆ ಏದುಸಿರು.

“ಅತ್ತೆ, ಬೆಳಿಗ್ಗೆಯಿಂದ ಐದರಲ್ಲೇ ಇಟ್ಟಿದ್ರಾ?”

“ಇಲ್ಲ ಕಣೇ, ಆಗಾಗ ನಾಲ್ಕು.”

ಗೈಡ್ ಮಾತಾಡದೆ ತನ್ನ ಸೈಕಲ್ ನನಗೆ ಕೊಟ್ಟು, ನನ್ನದನ್ನು ನಿಂತು ತುಳಿಯುತ್ತಾ ಮೇಲಕ್ಕೆ ಬಂದ. ಬೆವರು ಸುರಿಯುತ್ತಿತ್ತು. ಹೊರಡುವಾಗ ಚಾರ್ಜ್ ಪೂರ್ತಿ ಇತ್ತೇ ಅಂತ ಕೇಳೋಣ ಅಂದುಕೊಂಡೆ. ಅವನ ಮುಖ ನೋಡಿ ಸುಮ್ಮನಾದೆ. ನೀವು ಹೋದರೆ ಹೊರಡುವ ಮೊದಲೇ ಕಡ್ಡಿ ಎಣಿಸಿಕೊಳ್ಳಿ. ಸಪಾಟು ರಸ್ತೆಯಲ್ಲಿ ಒಂದು, ಎರಡು ಸಾಕು. ಐದನ್ನು ಏರಿಗೆ ಉಳಿಸಿಕೊಳ್ಳಿ.

ಗಾಂಧಿ ಬಜಾರಿಗೆ ಬರುವಷ್ಟರಲ್ಲಿ ಬಿಸಿಲು ಬಂದಿತ್ತು. ಸೇವಂತಿಗೆ ರಾಶಿ, ಅವರೆಕಾಯಿ ಗುಡ್ಡೆ. ಸೊಗಡಿನ ವಾಸನೆಗೆ ಎರಡು ಕೆಜಿ ಕೊಂಡು ಹ್ಯಾಂಡಲಿಗೆ ನೇತುಹಾಕಿದೆ. ಅಣ್ಣನ ಮಗಳು ತಲೆ ಚಚ್ಚಿಕೊಂಡಳು. ತಿಂಡಿ ವಿದ್ಯಾರ್ಥಿ ಭವನದಲ್ಲಿ. 1943ರಿಂದ ಇರುವ ಹೋಟೆಲು. ಭಾನುವಾರ ಅಂದಮೇಲೆ ಕೇಳಬೇಕೆ, ಮುಕ್ಕಾಲು ಗಂಟೆ ಕ್ಯೂ. ಒಳಗೆ ಗೋಡೆ ಮೇಲೆ ಸಾಹಿತಿಗಳ ಚಿತ್ರಗಳು, ಕೆಳಗೆ ಒಂದು ಕೈಯಲ್ಲೇ ಗೋಪುರದ ಹಾಗೆ ದೋಸೆ ತಟ್ಟೆ ಪೇರಿಸಿಕೊಂಡು ಬರುವ ಸಪ್ಲೈಯರು. ದೋಸೆ ಮೊದಲಿನ ಹಾಗೇ ಇದೆಯೇ ಅಂತ ಅಣ್ಣನ ಮಗಳು ಕೇಳಿದಳು. ದೋಸೆ ಹಾಗೇ ಇದೆ, ನನ್ನ ಹೊಟ್ಟೆ ಮೊದಲಿನ ಹಾಗಿಲ್ಲ. ಒಂದೇ ತಿಂದೆ. ಹುಬ್ಬಳ್ಳಿಯವರು ಎರಡೆರಡು.

ಕೊನೆಗೆ ಲಾಲ್‌ಬಾಗ್. ಈ ಸಲ ರಸ್ತೆ ಪೂರ್ವಕ್ಕೆ ಇಳಿಯುತ್ತದೆ. ನಂಬರ್ ಮತ್ತೆ ಸೊನ್ನೆ. ಸೈಕಲ್ಲುಗಳನ್ನು ಪಶ್ಚಿಮದ ಗೇಟಿನ ಹೊರಗೇ ಬಿಟ್ಟು, ಕೆರೆ ಪಕ್ಕ ನಡೆದು ಬಂಡೆ ಹತ್ತಿದೆವು. ಸುಮಾರು 300 ಕೋಟಿ ವರ್ಷದ ಬಂಡೆ, 1975ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ್ದಾರೆ. ಅದರ ತಲೆ ಮೇಲೆ ಇನ್ನೊಂದು ಗಡಿ ಗೋಪುರ. ಒಂದೇ ಬೆಳಿಗ್ಗೆ ಎರಡು ಗೋಪುರ ಆಯಿತು. ಬಿಸಿಲಿಗೆ ಕಾದ ಬಂಡೆ ಮೇಲೆ ಕೂತು ಕಾಲು ಚಾಚಿದೆ.

ಗೈಡ್ ಕೈ ಬೀಸಿ ತೋರಿಸಿದ. “ಬಸವನಗುಡಿ ದಿಬ್ಬದ ಆ ಕಡೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿ ಸೇರಿ ಕಾವೇರಿಗೆ. ಈ ಕಡೆ ಬಿದ್ದದ್ದು ಲಾಲ್‌ಬಾಗ್ ಕೆರೆ, ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿಗೆ.” ಒಂದೇ ಮಳೆ, ಪಕ್ಕಪಕ್ಕದ ರಸ್ತೆ. ಒಂದು ಹನಿ ಪೂಂಪುಹಾರಿನಲ್ಲಿ ಸಮುದ್ರ ಸೇರಿದರೆ ಇನ್ನೊಂದು ಕಡಲೂರಿನಲ್ಲಿ.

ಹನುಮಂತನಗರದ ಮನೆ ಮುಂದೆ ಮಳೆಗಾಲದಲ್ಲಿ ಹಳ್ಳದ ಹಾಗೆ ನೀರು ಹರಿಯುತ್ತಿತ್ತು. ಅಣ್ಣ ನೋಟ್‌ಬುಕ್ಕಿನ ಹಾಳೆ ಹರಿದು ದೋಣಿ ಮಾಡಿಕೊಡುತ್ತಿದ್ದ. ತಿರುವಿನವರೆಗೆ ದೋಣಿ ಹಿಂದೆ ಓಡಿ, ಅದು ಮರೆಯಾದ ಮೇಲೆ ವಾಪಸ್ ಬರುತ್ತಿದ್ದೆವು. ಅದು ಎಲ್ಲಿಗೆ ಹೋಗುತ್ತದೆ ಅಂತ ಆಗ ಕೇಳಿರಲಿಲ್ಲ.

ಮಧ್ಯಾಹ್ನ ಅವರೆಕಾಯಿ ಸುಲಿಯುತ್ತಾ ಅಣ್ಣನಿಗೆ ಫೋನ್ ಮಾಡಿದೆ. “ಅಣ್ಣ, ನಮ್ಮ ಮನೆ ಮುಂದಿನ ಮಳೆ ನೀರು ಯಾವ ಕಡೆ ಹೋಗತ್ತೋ?”

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಂದ: “ಮೋರಿಗೆ ಕಣೇ. ಇನ್ನೆಲ್ಲಿಗೆ?”