ಪ್ರಶ್ನೆಯೇ ತಪ್ಪಿದ್ರೆ ಉತ್ತರ ಎಲ್ಲಿಂದ ಸರಿ ಬರುತ್ತೆ

ಸ್ವಂತ ಬಿಸಿನೆಸ್ ಮಾಡೋ ಹೆಣ್ಮಕ್ಕಳ ನೆಮ್ಮದಿ ಬಗ್ಗೆ ನನ್ನ ರಿಸರ್ಚು. ಮೊನ್ನೆ ಸರ್ವೆಗೆ ಪ್ರಶ್ನೆಗಳನ್ನ ಜೋಡಿಸ್ತಾ ಕೂತಿದ್ದೆ, ಒಂದು ಪ್ರಶ್ನೆ ಹತ್ರ ಕೈ ನಿಂತ್ಹೋಯ್ತು. "ನಿಮ್ಮ ಮೇಲಧಿಕಾರಿ ನಿಮ್ಮ ಕಷ್ಟ ಅರ್ಥ ಮಾಡ್ಕೊಳ್ತಾರಾ?" ತನ್ನದೇ ಉದ್ದಿಮೆ ನಡೆಸೋಳಿಗೆ ಮೇಲಧಿಕಾರಿ ಯಾರು? ಗಿರಾಕಿನಾ, ಸಾಲ ಕೊಟ್ಟೋರಾ, ಮನೆಯೋರಾ?

ಕೆಲಸದ ಜಾಗದ ನೆಮ್ಮದಿ ಬಗ್ಗೆ ನಾವು ಓದೋ ಥಿಯರಿಗಳಲ್ಲಿ ಸುಮಾರು ನೌಕರಿಯಲ್ಲಿ ಇರೋರನ್ನ ನೋಡಿ ಹುಟ್ಟಿದ್ದು. 1979ರಲ್ಲಿ ರಾಬರ್ಟ್ ಕರಾಸೆಕ್ ಅನ್ನೋ ಸಂಶೋಧಕರು ಹೇಳಿದ್ದು ಇಷ್ಟು, ಕೆಲಸದ ಒತ್ತಡ ಜಾಸ್ತಿ ಇದ್ದು ಅದನ್ನ ಹೇಗೆ ಮಾಡ್ಬೇಕು ಅನ್ನೋ ತೀರ್ಮಾನ ನಮ್ಮ ಕೈಲಿ ಇಲ್ದೇ ಹೋದ್ರೆ ಮನಸ್ಸು ಬಳಲುತ್ತೆ. ಆ ಲೆಕ್ಕದಲ್ಲಿ ತೀರ್ಮಾನ ಎಲ್ಲಾ ತನ್ನ ಕೈಲೇ ಇರೋ ಉದ್ಯಮಿ ಆರಾಮಾಗಿರ್ಬೇಕಲ್ವಾ. ಆದ್ರೆ ಇವತ್ತು ಎಷ್ಟು ಗಂಟೆ ಕೆಲಸ ಮಾಡ್ಬೋದು ಅನ್ನೋದನ್ನ ಮಗುವಿನ ಜ್ವರ, ಅತ್ತೆಯ ಮಂಡಿನೋವು ತೀರ್ಮಾನ ಮಾಡ್ತಿದ್ರೆ ಅದನ್ನ ಯಾವ ಕಾಲಂನಲ್ಲಿ ಬರೆಯೋದು? 1985ರಲ್ಲಿ ಗ್ರೀನ್‌ಹಾಸ್ ಮತ್ತು ಬ್ಯೂಟೆಲ್ ಮನೆ-ಕೆಲಸದ ತಿಕ್ಕಾಟದ ಬಗ್ಗೆ ಬರೆದ್ರು, ಸಮಯದ್ದು, ಸುಸ್ತಿನದ್ದು, ನಡವಳಿಕೆದು ಅಂತ ಮೂರು ಥರ ಮಾಡಿದ್ರು, ಅದು ಇವತ್ತಿಗೂ ಕೆಲಸಕ್ಕೆ ಬರುತ್ತೆ.

ನನ್ನನ್ನ ಪೂರ್ತಿ ಅಲ್ಲಾಡಿಸಿದ್ದು ಮಾತ್ರ ದುಡ್ಡಿನ ಬಗ್ಗೆ ಇರೋ ಒಂದು ಕಥೆ. ಶ್ರೀಲಂಕಾದಲ್ಲಿ ಡಿ ಮೆಲ್, ಮೆಕೆಂಜಿ, ವುಡ್ರಫ್ ಅನ್ನೋ ಮೂವರು ಸಣ್ಣ ಉದ್ದಿಮೆದಾರರನ್ನ ಚೀಟಿ ಎತ್ತಿದ ಹಾಗೆ ಆರಿಸಿ ಬಂಡವಾಳ ಕೊಟ್ಟು ನೋಡಿದ್ರು, ಗಂಡಸರ ಲಾಭ ಚೆನ್ನಾಗಿ ಏರ್ತು, ಹೆಂಗಸರದ್ದು ಸರಾಸರಿಯಲ್ಲಿ ಏರಲೇ ಇಲ್ಲ. ಇಷ್ಟೇ ಓದಿದೋರು ಹೆಂಗಸ್ರಿಗೆ ದುಡ್ಡು ಕೊಟ್ರೆ ಬೆಳೆಸೋಕೆ ಬರಲ್ಲ ಅಂದ್ಕೊಂಡು ಎದ್ದು ಹೋಗ್ಬೋದು. ಆದ್ರೆ 2019ರಲ್ಲಿ ಬರ್ನ್‌ಹಾರ್ಟ್, ಫೀಲ್ಡ್, ಪಾಂಡೆ, ರಿಗೋಲ್ ಅನ್ನೋರು ಶ್ರೀಲಂಕಾ, ಭಾರತ, ಘಾನಾದ ಅಂಕಿಅಂಶ ಮತ್ತೆ ತೆಗೆದು, ಆ ಮನೆಯಲ್ಲಿ ಇನ್ನೊಂದು ಬಿಸಿನೆಸ್ ಇದೆಯಾ ಅಂತ ನೋಡಿದ್ರು. ಅಷ್ಟೇ, ಚಿತ್ರ ಬದಲಾಯ್ತು. ಅವಳ ಹೆಸರಲ್ಲಿ ಬಂದ ದುಡ್ಡು ಎಷ್ಟೋ ಕಡೆ ಗಂಡನ ಬಿಸಿನೆಸ್‌ಗೆ ಹೋಗಿತ್ತು! ಮನೇಲಿ ಅವಳದ್ದೊಂದೇ ಬಿಸಿನೆಸ್ ಇದ್ದ ಕಡೆ ಅವಳ ಲಾಭವೂ ಏರಿತ್ತು. ಅಂದ್ರೆ ಮೊದಲ ಲೆಕ್ಕದಲ್ಲಿ ಸೋತ ಹಾಗೆ ಕಂಡೋಳು ಎರಡನೇ ಲೆಕ್ಕದಲ್ಲಿ ಮನೆಯ ಇನ್ನೊಂದು ಬಿಸಿನೆಸ್‌ಗೆ ಬಂಡವಾಳ ತಂದುಕೊಟ್ಟೋಳು, ಅದೂ ಲೆಕ್ಕಕ್ಕೆ ಬರದ ಹಾಗೆ. ನನಗೆ ಆ ರಾತ್ರಿ ನಿದ್ದೆ ಬರ್ಲಿಲ್ಲ, ನಿಜ.

ಹೂಡಿಕೆದಾರರು ಕೇಳೋ ಪ್ರಶ್ನೆಗಳ ಬಗ್ಗೆನೂ ಇಂಥದೇ ಅಧ್ಯಯನ ಇದೆ. ಡಾನಾ ಕಾನ್ಜ್ ಮತ್ತು ಜೊತೆಗಾರರದ್ದು, 2018ರಲ್ಲಿ ಬಂತು. ಗಂಡಸರಿಗೆ ಕೇಳಿದ ಪ್ರಶ್ನೆಗಳಲ್ಲಿ 67% ಹೇಗೆ ಬೆಳೀತೀರಿ ಅನ್ನೋ ಥರದ್ದು, ಹೆಣ್ಮಕ್ಕಳಿಗೆ ಕೇಳಿದ್ರಲ್ಲಿ 66% ಹೇಗೆ ನಷ್ಟ ತಪ್ಪಿಸ್ತೀರಿ ಅನ್ನೋದು. ಬೆಳವಣಿಗೆ ಪ್ರಶ್ನೆ ಕೇಳಿಸ್ಕೊಂಡೋರಿಗೆ ದುಡ್ಡೂ ಜಾಸ್ತಿ ಸಿಕ್ತು. ದಿನಾ ಬರೀ ನಷ್ಟದ ಬಗ್ಗೆನೇ ಉತ್ತರ ಕೊಡ್ತಾ ನಿಲ್ಲೋದು ಮನಸ್ಸಿಗೆ ಏನು ಮಾಡುತ್ತೆ ಅಂತ ನಾನು ಕೇಳ್ಬೇಕು ಅಂದ್ಕೊಂಡಿದ್ದೀನಿ.

ಹೆಲೆನ್ ಆಲ್ ಅನ್ನೋ ಸಂಶೋಧಕಿ 2006ರಲ್ಲೇ ಬರೆದಿದ್ರು, ಮಹಿಳಾ ಉದ್ಯಮಿಗಳ ಬಗ್ಗೆ ನಡೆಯೋ ಸಂಶೋಧನೆ ಹೆಣ್ಣಲ್ಲೇ ಏನೋ ಕೊರತೆ ಇದೆ ಅನ್ನೋ ಹಾಗೆ ಹುಡುಕ್ತಾ ಇದೆ, ಅವಳ ಸುತ್ತ ಇರೋ ವ್ಯವಸ್ಥೆನ ನೋಡ್ತಿಲ್ಲ ಅಂತ. "ಎರಡನ್ನೂ ಹೇಗೆ ಬ್ಯಾಲೆನ್ಸ್ ಮಾಡ್ತೀರಿ" ಅನ್ನೋ ಪ್ರಶ್ನೆ ನನ್ನ ಮೊದಲ ಡ್ರಾಫ್ಟಲ್ಲೂ ಇತ್ತು, ಗಂಡಸರಿಗೆ ಮಾಡೋ ಸರ್ವೆಲಿ ಅದನ್ನ ಹಾಕ್ತಿದ್ನಾ ಅಂತ ಕೇಳ್ಕೊಂಡು ತೆಗೆದೆ.

ಮೇಲಧಿಕಾರಿ ಪ್ರಶ್ನೆನೂ ಹೋಯ್ತು. ಆ ಜಾಗದಲ್ಲಿ ಈಗ ಎರಡು ಇದೆ: "ಹೋದ ವಾರ ನಿಮ್ಮ ಕೆಲಸವನ್ನ ಅರ್ಧಕ್ಕೆ ನಿಲ್ಲಿಸಿದ್ದು ಯಾರು, ಯಾಕೆ?" ಮತ್ತೆ "ನಿಮ್ಮ ಹೆಸರಲ್ಲಿ ತಂದ ಸಾಲ ಎಲ್ಲಿ ಖರ್ಚಾಯ್ತು?"